ಬಿಸ್ಕೆಟ್ ಡಬ್ಬಿಯಲ್ಲಿ ಈಗ ಹುರಿಹಿಟ್ಟು
ಮಧ್ಯಾಹ್ನ ಮುದ್ದೆ ಬಸ್ಸಾರು ಉಂಡು, ಸಂಜೆ ಮಕ್ಕಳ ಜೊತೆ ಕೂತು ನೂಡಲ್ಸ್, ಕ್ರೀಮ್ ಬಿಸ್ಕೆಟ್ ತಿನ್ನುವ ಅಭ್ಯಾಸ ಕೋಲಾರದ ನಮ್ಮ ಮನೆಯಲ್ಲೂ ಇತ್ತು. ಬಿಡಿಸಿದ್ದು ರಾಗಿ ಹುರಿಹಿಟ್ಟು.

ರಾಗಿಗೆ ಸ್ವಲ್ಪ ಮಜ್ಜಿಗೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಇಡಿ. ಬೆಳಗ್ಗೆ ನೆರಳಲ್ಲಿ ಆರಿಸಿ, ಚೆನ್ನಾಗಿ ಕಾದ ಕಬ್ಬಿಣದ ಬಾಣಲೆಗೆ ಒಂದೊಂದೇ ಹಿಡಿ ಹಾಕಿ ಹುರಿಯಿರಿ. ಜಾಸ್ತಿ ಸುರಿದರೆ ಅರಳುವುದಿಲ್ಲ, ಸುಮ್ನೆ ಸೀದುಹೋಗುತ್ತದೆ (ನನ್ನ ಮೊದಲ ಸಲದ್ದು ಪೂರ್ತಿ ಕಪ್ಪು!). ಬಿಳಿ ಅರಳು ಬಂದ ಮೇಲೆ ಆರಿಸಿ, ಜೊತೆಗೆ ಒಂದೆರಡು ಏಲಕ್ಕಿ ಹಾಕಿ ಪುಡಿ ಮಾಡಿ. ತಿನ್ನುವಾಗ ಬೆಲ್ಲ, ಕಾಯಿತುರಿ, ಸ್ವಲ್ಪ ಬಿಸಿ ಹಾಲು ಹಾಕಿ ಕಲಸಿದರೆ ಸಾಕು, ಮತ್ತೆ ಬೇಯಿಸುವ ಕೆಲಸವೇ ಇಲ್ಲ. ಖಾರ ಬೇಕೆನ್ನುವವರಿಗೆ ಮೊಸರು, ಈರುಳ್ಳಿ, ಹಸಿಮೆಣಸಿನಕಾಯಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಅಕ್ಕಿ ಗೋಧಿ ಹತ್ತಿರವೂ ಬರುವುದಿಲ್ಲ.

"ಅಂಗಡಿಯಲ್ಲಿ ರಾಗಿ ಬಿಸ್ಕೆಟ್ ಸಿಗುತ್ತಲ್ಲ" ಅಂದರೆ, ಪ್ಯಾಕೆಟ್ ತಿರುಗಿಸಿ ನೋಡಿ. ಜಾಸ್ತಿ ತೂಕ ಇರುವ ಪದಾರ್ಥವನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ. ಮೊದಲು ಮೈದಾ, ಆಮೇಲೆ ಸಕ್ಕರೆ, ಪಾಮ್ ಎಣ್ಣೆ ಇದ್ದು, ರಾಗಿ ಎಲ್ಲೋ ಕೊನೆಯಲ್ಲಿದ್ದರೆ ಅದು ಹೆಸರಿಗೆ ಮಾತ್ರ ರಾಗಿ ಅಲ್ವಾ? ಸೋಡಿಯಂ ಎಷ್ಟಿದೆ ಅಂತಲೂ ನೋಡಿ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ, ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು.

ಮಕ್ಕಳು ಮೊದಲ ವಾರ ಮುಖ ಸಿಂಡರಿಸುತ್ತಾರೆ. ಮೊದಮೊದಲು ಬೆಲ್ಲ ಒಂದು ಚೂರು ಜಾಸ್ತಿಯೇ ಹಾಕಿ, ಆಮೇಲೆ ನಿಧಾನವಾಗಿ ಕಡಿಮೆ ಮಾಡಿ.