ಬ್ರಿಟನ್ನಿನ ‘ಸರ್’ ಪದವಿ: ಹಿನ್ನೆಲೆ ಏನು, ಹೆಸರು ಸೂಚಿಸುವುದು ಹೇಗೆ

ಹೊಸ ವರ್ಷಕ್ಕೊಮ್ಮೆ, ಜೂನ್‌ನಲ್ಲಿ ದೊರೆಯ ಅಧಿಕೃತ ಹುಟ್ಟುಹಬ್ಬಕ್ಕೊಮ್ಮೆ ಬ್ರಿಟನ್ನಿನಲ್ಲಿ ಗೌರವಗಳ ಪಟ್ಟಿ ಹೊರಬೀಳುತ್ತದೆ. ಅದು ನಟರಿಗೆ, ಆಟಗಾರರಿಗೆ ಸಂಬಂಧಿಸಿದ್ದು ಎಂದುಕೊಂಡು ಇಲ್ಲಿ ನೆಲೆಸಿದ ನಮ್ಮವರು ಸುಮ್ಮನಿದ್ದುಬಿಡುತ್ತಾರೆ. ಆದರೆ ಆ ಪಟ್ಟಿಗೆ ಹೆಸರು ಸೂಚಿಸಲು ಯಾರಿಗೂ ಅಡ್ಡಿಯಿಲ್ಲ, ನಿಮಗೂ ಇಲ್ಲ.

‘ಸರ್’ ಎನಿಸಿಕೊಳ್ಳುವುದು ನೈಟ್ ಪದವಿ ಪಡೆದವರು. ನೈಟ್ ಎಂದರೆ ಮೊದಲು ಕುದುರೆಯೇರಿ ಕಾದುವ ಯೋಧ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ, ಭೂಮಿ ಪಡೆದವರು ಅದಕ್ಕೆ ಪ್ರತಿಯಾಗಿ ವರ್ಷಕ್ಕೆ ಸುಮಾರು 40 ದಿನ ದಂಡಿನಲ್ಲಿ ದುಡಿಯಬೇಕಿತ್ತು. ಬರಬರುತ್ತ ಹಣ ಕಟ್ಟಿ ತಪ್ಪಿಸಿಕೊಳ್ಳುವ ರೂಢಿ ಬಂತು. ಆಮೇಲಂತೂ, ಇಂತಿಷ್ಟು ಆದಾಯದ ಜಮೀನಿದ್ದವರು ನೈಟ್ ಆಗಲೇಬೇಕು, ಇಲ್ಲವೇ ದಂಡ ತೆರಬೇಕು ಎಂದಾಯಿತು. ಖಜಾನೆ ಬರಿದಾಗಿದ್ದ ಮೊದಲನೇ ಚಾರ್ಲ್ಸ್ 1630ರ ದಶಕದಲ್ಲಿ ಈ ಹಳೇ ಕಟ್ಟಳೆಯನ್ನೇ ಹಿಡಿದು ವಸೂಲಿಗಿಳಿದ. 1641ರಲ್ಲಿ ಪಾರ್ಲಿಮೆಂಟ್ ಅದನ್ನು ರದ್ದುಮಾಡಿತು. ಮುಂದೆ ಪ್ರಧಾನಿ ಲಾಯ್ಡ್ ಜಾರ್ಜ್ ಕಾಲದಲ್ಲಿ ಪದವಿಗಳ ಮಾರಾಟ ಎಷ್ಟು ನಾಚಿಕೆಗೇಡಾಯಿತೆಂದರೆ, 1925ರಲ್ಲಿ ಅದನ್ನು ಅಪರಾಧವೆಂದು ಸಾರುವ ಕಾಯ್ದೆಯೇ ಬಂತು. ಸೇನೆ, ಆಸ್ಥಾನಗಳ ಆಚೆಗಿನ ಜನಸಾಮಾನ್ಯರಿಗೆ, ಹೆಂಗಸರಿಗೆ ಬಾಗಿಲು ಅಗಲವಾಗಿ ತೆರೆದದ್ದು 1917ರಲ್ಲಿ, ಐದನೇ ಜಾರ್ಜ್ ‘ಆರ್ಡರ್ ಆಫ್ ದಿ ಬ್ರಿಟಿಷ್ ಎಂಪೈರ್’ ಸ್ಥಾಪಿಸಿದಾಗ.

ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ‘ಸರ್ ಎಂವಿ’ ಆದದ್ದು 1915ರಲ್ಲಿ. ಅದೇ ವರ್ಷ ‘ಸರ್’ ಆದ ರವೀಂದ್ರನಾಥ ಟ್ಯಾಗೋರರು ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ, 1919ರಲ್ಲಿ, ಅದನ್ನು ತೊರೆದರು. ಭಾರತದ ಪ್ರಜೆ ಪರದೇಶದ ಬಿರುದು ಸ್ವೀಕರಿಸುವಂತಿಲ್ಲ ಎಂದು ನಮ್ಮ ಸಂವಿಧಾನದ 18ನೇ ವಿಧಿ ಹೇಳುತ್ತದೆ. ಬ್ರಿಟನ್ ಕೂಡ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಕೊಡುವುದು ಗೌರವಾರ್ಥ ಪದವಿ ಮಾತ್ರ. ರತನ್ ಟಾಟಾ ಅವರ ಹೆಸರಿನ ಹಿಂದೆ ‘ಸರ್’ ಸೇರದಿದ್ದದ್ದು ಇದಕ್ಕೇ. ಬ್ರಿಟಿಷ್ ಪೌರತ್ವ ಪಡೆದ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡುದಾರರಿಗೆ ಈ ತೊಡಕಿಲ್ಲ.

ಇನ್ನು ಅರ್ಜಿಯ ವಿಷಯ. ಸರ್ಕಾರದ ಜಾಲತಾಣದಲ್ಲೇ ಅರ್ಜಿ ತುಂಬಬಹುದು, ಶುಲ್ಕವಿಲ್ಲ. ಆ ವ್ಯಕ್ತಿಯನ್ನು ಹತ್ತಿರದಿಂದ ಬಲ್ಲವರ ಎರಡು ಬೆಂಬಲ ಪತ್ರಗಳಾದರೂ ಬೇಕು. ಹೆಸರು ಸೂಚಿಸಿದ ಸಂಗತಿ ಅವರ ಕಿವಿಗೆ ಬೀಳಬಾರದು. ಇಂಥದೇ ಪದವಿ ಕೊಡಿ ಎಂದು ಕೇಳುವಂತಿಲ್ಲ. ಕೆಳಗಿನಿಂದ ಮೇಲಕ್ಕೆ ಬಿಇಎಂ, ಎಂಬಿಇ, ಓಬಿಇ, ಸಿಬಿಇ ಎಂಬ ಗೌರವಗಳು, ಅವುಗಳ ಮೇಲೆ ನೈಟ್ ಅಥವಾ (ಹೆಂಗಸರಿಗೆ) ಡೇಮ್: ಯಾವುದು ತಕ್ಕದ್ದೆಂದು ಸಮಿತಿ ಯೋಚಿಸುತ್ತದೆ. ನಮ್ಮವರ ಪೈಕಿ ಹೆಚ್ಚಿನವರಿಗೆ ಮೊದಲ ಮೆಟ್ಟಿಲುಗಳೇ ಸಹಜ, ಅವೂ ಹೆಮ್ಮೆಯವೇ.

ಬರೆಯುವಾಗ ‘ತುಂಬಾ ಒಳ್ಳೆಯವರು, ನಿಸ್ವಾರ್ಥ ಸೇವೆ’ ಎಂಬ ಸನ್ಮಾನಪತ್ರದ ಧಾಟಿ ಬೇಡ. ಶನಿವಾರದ ಕನ್ನಡ ಶಾಲೆ ನಡೆಸುವವರಾದರೆ ಶುರುವಾದಾಗ ಮಕ್ಕಳೆಷ್ಟು, ಈಗೆಷ್ಟು, ಬಾಡಿಗೆಗೆ ಹಣ ಹೊಂದಿಸಿದವರು ಯಾರು, ಅವರಿಲ್ಲದಿದ್ದರೆ ಏನು ನಿಂತುಹೋಗುತ್ತಿತ್ತು, ಇವನ್ನು ಬರೆಯಿರಿ. ಸಂಬಳದ ಕೆಲಸ ಚೆನ್ನಾಗಿ ಮಾಡಿದ್ದಷ್ಟೇ ಸಾಲದು.

ಆಯ್ಕೆಯಾದರೆ ಒಪ್ಪಿಗೆಯೇ ಎಂದು ಮೊದಲು ಗುಟ್ಟಾಗಿ ಕೇಳುತ್ತಾರೆ. ಬೇಡವೆನ್ನಬಹುದು. ಕವಿ ಬೆಂಜಮಿನ್ ಝೆಫನೈಯಾ ಸಾಮ್ರಾಜ್ಯದ ಹೆಸರು ಹೊತ್ತ ಪದಕ ತನಗೆ ಬೇಡವೆಂದು 2003ರಲ್ಲಿ ಬಹಿರಂಗವಾಗಿಯೇ ನಿರಾಕರಿಸಿದರು. ಆ ನಿಲುವಿನ ಬಗ್ಗೆ ನನಗೆ ತುಂಬು ಗೌರವವಿದೆ.

ನೈಟ್ ಆಗುವವರು ಪುಟ್ಟ ಪೀಠದ ಮೇಲೆ ಬಲಮೊಣಕಾಲೂರುತ್ತಾರೆ; ಕತ್ತಿಯ ಅಲಗು ಮೊದಲು ಬಲ ಭುಜಕ್ಕೆ, ಆಮೇಲೆ ಎಡಕ್ಕೆ ತಾಗುತ್ತದೆ. ಆಮೇಲೆ ‘ಸರ್’ ಸೇರುವುದು ಅವರ ಸ್ವಂತ ಹೆಸರಿಗೆ, ಮನೆತನದ ಹೆಸರೊಂದಕ್ಕೇ ಅಲ್ಲ. ಹೆಂಡತಿ ‘ಲೇಡಿ’ ಆಗುತ್ತಾರೆ. ಡೇಮ್ ಆದವರ ಗಂಡನಿಗೆ ಯಾವ ಬಿರುದೂ ಇಲ್ಲ, ಇದು ತಾರತಮ್ಯವೆಂದೇ ನನ್ನ ಅಭಿಪ್ರಾಯ.

ಅರ್ಜಿ ಇತ್ಯರ್ಥವಾಗಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಸೇವೆಯಲ್ಲಿ ಇನ್ನೂ ತೊಡಗಿರುವವರನ್ನೇ ಸಾಮಾನ್ಯವಾಗಿ ಪರಿಗಣಿಸುವುದರಿಂದ, ಅವರು ನಿವೃತ್ತರಾಗಲಿ ಎಂದು ಕಾಯದೆ ಈಗಲೇ ಪತ್ರ ಬರೆಯುವ ಇಬ್ಬರನ್ನು ಗೊತ್ತುಮಾಡಿಕೊಳ್ಳಿ.