ನಮ್ಮ ಬಡಾವಣೆಯ ಟ್ರೇಲ್‌ಗೆ ಗ್ರಾಂಟ್ ಹುಡುಕಿದ್ದು ಹೀಗೆ

ಟ್ರೇಲ್, ಅಂದರೆ ರಸ್ತೆಯಿಂದ ದೂರ ಇರುವ ನಡಿಗೆಯ, ಸೈಕಲ್ಲಿನ ದಾರಿ ಕಟ್ಟಲು ಅಮೆರಿಕದಲ್ಲಿ ದುಡ್ಡಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಬಡಾವಣೆಯಲ್ಲಿ ಈ ಮಾತು ಎತ್ತಿದಾಗೆಲ್ಲ ಜನ ಕೇಳುತ್ತಿದ್ದ ಮೊದಲ ಪ್ರಶ್ನೆಯೇ "ದುಡ್ಡು ಯಾರು ಕೊಡ್ತಾರೆ?" ಅಂತ. ಕೊಡುವವರು ಇದ್ದಾರೆ. ಫೆಡರಲ್ ಸರ್ಕಾರ ಕೊಡುತ್ತದೆ, ರಾಜ್ಯ ಕೊಡುತ್ತದೆ, ಖಾಸಗಿ ಸಂಸ್ಥೆಗಳೂ ಕೊಡುತ್ತವೆ. ಆದರೆ ಅವರೆಲ್ಲ ಕೇಳುವುದು ತಯಾರಾಗಿರುವ ಯೋಜನೆಯನ್ನು. ಜಾಗದ ಕಾಗದ ಎಲ್ಲಿ, ನಿಮ್ಮ ಪಾಲಿನ ಹಣ ಎಷ್ಟು, ಕಟ್ಟಿದ ಮೇಲೆ ನೋಡಿಕೊಳ್ಳುವವರು ಯಾರು. ಈ ಮೂರಕ್ಕೆ ಉತ್ತರ ಹುಡುಕುವುದರಲ್ಲೇ ನಮ್ಮ ಬಹುಪಾಲು ಕೆಲಸ ಹೋಯಿತು. ಅರ್ಜಿ ಬರೆದದ್ದು ಕೊನೆಯ ಸಣ್ಣ ಭಾಗ.

ನಾನಿರುವುದು ನಾರ್ತ್ ಕೆರೊಲಿನಾದ ರಾಲೀ ಹತ್ತಿರದ ಒಂದು ಸಣ್ಣ ಊರಿನಲ್ಲಿ. ನಮ್ಮ ಮನೆಗಳ ಹಿಂದೆ ಒಂದು ಹಳ್ಳ ಹರಿಯುತ್ತದೆ. ಒಂದು ತುದಿಯಲ್ಲಿ ಶಾಲೆ ಮತ್ತು ಲೈಬ್ರರಿ, ಇನ್ನೊಂದು ತುದಿಯಲ್ಲಿ ಊರಿನ ಹಳೆಯ ಗ್ರೀನ್‌ವೇ, ಅಂದರೆ ಹಸಿರಿನ ನಡುವೆ ಹೋಗುವ ಕಾಲುದಾರಿ. ನಡುವೆ ಬರೀ ಪೊದೆ. ಅದನ್ನು ಜೋಡಿಸಬೇಕು ಅಂತ ಕೆಲವು ನಿವೃತ್ತರು, ಸೈಕಲ್ ಹುಚ್ಚಿನವರು, ಜೊತೆಗೆ ಕೆಲವು ಕನ್ನಡ ಮನೆಗಳವರು ಸೇರಿಕೊಂಡೆವು. ನಮಗೆ ಇದು ಯಾಕೆ ಮುಖ್ಯ ಅಂದರೆ, ಊರಿಂದ ಬರುವ ಅಪ್ಪ ಅಮ್ಮಂದಿರು ಇಲ್ಲಿ ಕಾರು ಓಡಿಸುವುದಿಲ್ಲ. ಆರು ತಿಂಗಳು ಇರಲು ಬರುತ್ತಾರೆ, ಫುಟ್‌ಪಾತ್ ಇಲ್ಲದ ರಸ್ತೆ ಅಂಚಿನಲ್ಲಿ ಹೆದರಿಕೊಂಡು ನಡೆಯುತ್ತಾರೆ, ಇಲ್ಲಾಂದ್ರೆ ಮನೆಯಲ್ಲೇ ಕೂರುತ್ತಾರೆ. ಗೆಳೆಯನ ತಾಯಿ ಒಮ್ಮೆ ನನಗೆ ಹೇಳಿದರು, "ಮೈಸೂರಲ್ಲಿ ದಿನಾ ಕುಕ್ಕರಹಳ್ಳಿ ಕೆರೆ ಸುತ್ತುತಿದ್ದೆ ಕಣಪ್ಪ, ಇಲ್ಲಿ ಗೇಟಿನ ತನಕ ಹೋಗಿ ವಾಪಸ್ ಬರ್ತೀನಿ." ಇದನ್ನು ಮುಂದೆ ಅರ್ಜಿಯಲ್ಲೂ ಬರೆದೆವು.

ಮೊದಲು ಜಾಗದ ವಿಷಯ. ಹಳ್ಳದ ಉದ್ದಕ್ಕೂ ಒಳಚರಂಡಿ ಪೈಪ್ ಹೋಗಿರುವುದರಿಂದ ಅಲ್ಲಿ ಊರಿಗೆ ಈಸ್‌ಮೆಂಟ್ ಇದೆ, ಅಂದರೆ ಪೈಪ್ ರಿಪೇರಿಗೆ ಒಳಗೆ ಬರುವ ಹಕ್ಕು. ಎಲ್ಲರೂ ಅಂದುಕೊಳ್ಳುವುದು ಅದರ ಮೇಲೆ ನಡೆಯುವ ದಾರಿಯನ್ನೂ ಮಾಡಬಹುದು ಅಂತ. ಆದರೆ ಪೈಪಿಗೆ ಕೊಟ್ಟ ಹಕ್ಕು ಜನ ಓಡಾಡಲು ಕೊಟ್ಟ ಹಕ್ಕಾಗುವುದಿಲ್ಲ. ಕಾಗದದಲ್ಲಿ ಹಾಗೆ ಬರೆದಿರಬೇಕು. ಇಲ್ಲದಿದ್ದರೆ ಪ್ರತಿ ಮನೆಯವರಿಂದ ಹೊಸದಾಗಿ ಟ್ರೇಲ್ ಈಸ್‌ಮೆಂಟ್ ಬರೆಸಿಕೊಳ್ಳಬೇಕು. ನಾವು ಕೌಂಟಿಯ ಆಸ್ತಿ ನೋಂದಣಿ ಕಚೇರಿ, ರಿಜಿಸ್ಟರ್ ಆಫ್ ಡೀಡ್ಸ್‌ನಲ್ಲಿ ಒಂದೊಂದು ಮನೆಯ ಪತ್ರವನ್ನೂ ತೆಗೆದು ನೋಡಿದೆವು. ಹಕ್ಕು ಇಲ್ಲದ ಕಡೆ ಮನೆಮನೆಗೆ ಹೋಗಿ ಕೂತು ಮಾತಾಡಿದೆವು. ಕೆಲವರಿಗೆ ಹಿತ್ತಲ ಹಿಂದೆ ಅಪರಿಚಿತರು ಓಡಾಡುತ್ತಾರೆ ಅನ್ನುವ ಭಯ. ಆ ಭಯ ನ್ಯಾಯವಾದದ್ದೇ. ಗಿಡದ ಬೇಲಿ ಎಲ್ಲಿ ಬೇಕು, ದಾರಿ ಎಷ್ಟು ದೂರ ಸರಿಯಬೇಕು ಅಂತ ಅವರ ಜೊತೆಯೇ ನಕ್ಷೆಯಲ್ಲಿ ಗೆರೆ ಎಳೆದಾಗ ಸುಮಾರು ಜನ ಒಪ್ಪಿದರು. ಒಪ್ಪದವರ ಕಡೆ ದಾರಿ ಹಳ್ಳದ ಆಚೆ ದಂಡೆಗೆ ಹೋಯಿತು, ಅದಕ್ಕೆ ಒಂದು ಸೇತುವೆ ಜಾಸ್ತಿಯಾಯಿತು.

ಈ ಹಂತದಲ್ಲಿ ತುಂಬಾ ಉಪಯೋಗಕ್ಕೆ ಬರುವ, ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ಸಹಾಯ ಇದೆ. ನ್ಯಾಷನಲ್ ಪಾರ್ಕ್ ಸರ್ವಿಸ್‌ನ ರಿವರ್ಸ್, ಟ್ರೇಲ್ಸ್ ಅಂಡ್ ಕನ್ಸರ್ವೇಶನ್ ಅಸಿಸ್ಟೆನ್ಸ್ ಪ್ರೋಗ್ರಾಂ. ಇವರು ಒಂದು ಡಾಲರನ್ನೂ ಕೊಡುವುದಿಲ್ಲ. ಬದಲಿಗೆ ಅನುಭವ ಇರುವ ಪ್ಲಾನರ್ ಒಬ್ಬರು ನಿಮ್ಮ ಜೊತೆ ಕೂತು ಯೋಜನೆ ರೂಪಿಸಲು, ಜನರ ಸಭೆ ನಡೆಸಲು ಸಹಾಯ ಮಾಡುತ್ತಾರೆ. ನ್ಯಾಷನಲ್ ಪಾರ್ಕ್ ಒಳಗಿನ ಜಾಗವೇ ಆಗಬೇಕಿಲ್ಲ, ಯಾವ ಊರಿನ ಟ್ರೇಲ್ ಆದರೂ ಕೇಳಬಹುದು. ದುಡ್ಡಿಲ್ಲ ಅಂತ ಬಿಡಬೇಡಿ. ಸರಿಯಾದ ನಕ್ಷೆ ಮತ್ತು ಅಂದಾಜು ಖರ್ಚು ಕೈಯಲ್ಲಿ ಇಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ.

ಈಗ ದುಡ್ಡಿನ ಮೂಲಗಳಿಗೆ ಬರೋಣ. ಊರಲ್ಲಿ ಗಣೇಶನ ಹಬ್ಬಕ್ಕೆ ಒಬ್ಬರು ಪೆಂಡಾಲ್ ಹಾಕಿಸುತ್ತಾರೆ, ಒಬ್ಬರು ಅಕ್ಕಿ ಕೊಡುತ್ತಾರೆ, ಇನ್ನೊಬ್ಬರು ಮೈಕ್ ಸೆಟ್ಟಿಗೆ ಕೊಡುತ್ತಾರೆ. ಟ್ರೇಲ್ ಗ್ರಾಂಟ್ ಕೂಡ ಹಾಗೇ. ಇಡೀ ಟ್ರೇಲಿಗೆ ಒಬ್ಬರೇ ದುಡ್ಡು ಕೊಡಲಿ ಅಂತ ಕಾಯುತ್ತಾ ಕೂತರೆ ಆಗುವುದಿಲ್ಲ. ಕೆಲಸವನ್ನು ತುಂಡು ಮಾಡಿ, ಯಾವ ತುಂಡು ಯಾರಿಗೆ ಹೊಂದುತ್ತದೆ ಅಂತ ನೋಡಬೇಕು.

ನಮಗೆ ಎಲ್ಲಕ್ಕಿಂತ ಹೆಚ್ಚು ಹೊಂದಿದ್ದು ರಿಕ್ರಿಯೇಶನಲ್ ಟ್ರೇಲ್ಸ್ ಪ್ರೋಗ್ರಾಂ, ಎಲ್ಲರೂ ಆರ್‌ಟಿಪಿ ಅನ್ನುತ್ತಾರೆ. ಇದರ ಹಣ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಂಡರೆ ಅರ್ಜಿ ಬರೆಯುವುದು ಸುಲಭ. ಹಿಮದ ಮೇಲೆ ಓಡುವ ಸ್ನೋಮೊಬೈಲ್, ಕಚ್ಚಾ ನೆಲದಲ್ಲಿ ಓಡುವ ನಾಲ್ಕು ಚಕ್ರದ ಎಟಿವಿ, ಕಾಡುದಾರಿಯಲ್ಲಿ ಓಡಿಸುವ ಬೈಕು, ಇವುಗಳಿಗೆ ಹಾಕುವ ಪೆಟ್ರೋಲ್ ಮೇಲೂ ಫೆಡರಲ್ ತೆರಿಗೆ ಇದೆ, ಅದು ಹೆದ್ದಾರಿ ನಿಧಿಗೆ ಹೋಗುತ್ತದೆ. ಆದರೆ ಆ ಗಾಡಿಗಳು ಹೆದ್ದಾರಿ ಮೇಲೆ ಓಡುವುದೇ ಇಲ್ಲ ಅಲ್ವಾ? ಹಾಗಾಗಿ ಅದರ ಒಂದು ಪಾಲು ಟ್ರೇಲ್‌ಗಳಿಗೆ ಸಿಗಲಿ ಅಂತ 1991ರಲ್ಲಿ ಕಾನೂನು ಬಂತು. ಈಗ ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಸುಮಾರು 8.4 ಕೋಟಿ ಡಾಲರ್. ಅರ್ಧ ಹಣ ಎಲ್ಲ ರಾಜ್ಯಗಳಿಗೂ ಸಮ ಪಾಲು, ಉಳಿದ ಅರ್ಧ ಆಯಾ ರಾಜ್ಯದಲ್ಲಿ ಹೆದ್ದಾರಿಯಾಚೆ ಮೋಜಿಗೆ ಗಾಡಿ ಓಡಿಸಿ ಸುಟ್ಟ ಪೆಟ್ರೋಲ್ ಲೆಕ್ಕದ ಮೇಲೆ. ಹಣ ಫೆಡರಲ್ ಸರ್ಕಾರದ್ದಾದರೂ ಅರ್ಜಿ ಹಾಕಬೇಕಾದದ್ದು ರಾಜ್ಯಕ್ಕೆ, ಆಯ್ಕೆ ಮಾಡುವುದೂ ರಾಜ್ಯವೇ.

ಇಲ್ಲಿ ಒಂದು ಲೆಕ್ಕ ಗಮನಿಸಿ. ರಾಜ್ಯ ತನ್ನ ಪಾಲಿನಲ್ಲಿ 30 ಪರ್ಸೆಂಟ್ ಮೋಟಾರ್ ಗಾಡಿಯ ಟ್ರೇಲ್‌ಗಳಿಗೆ, 30 ಪರ್ಸೆಂಟ್ ಮೋಟಾರ್ ಇಲ್ಲದ ಟ್ರೇಲ್‌ಗಳಿಗೆ, 40 ಪರ್ಸೆಂಟ್ ಒಂದಕ್ಕಿಂತ ಹೆಚ್ಚು ಬಗೆಯ ಜನ ಬಳಸುವ ಟ್ರೇಲ್‌ಗಳಿಗೆ ಇಡಬೇಕು. ನಮ್ಮದು ನಡೆಯುವವರು ಮತ್ತು ಸೈಕಲ್ಲಿನವರು ಇಬ್ಬರಿಗೂ ಇರುವ ದಾರಿ. ಅದನ್ನು ಅರ್ಜಿಯಲ್ಲಿ ಬಿಡಿಸಿ ಬರೆದೆವು. ಆಗ ಎರಡನೆಯ ಗುಂಪಿನಲ್ಲೂ ನಮ್ಮನ್ನು ನೋಡಬಹುದು, ಮೂರನೆಯದರಲ್ಲೂ ನೋಡಬಹುದು. "ವಾಕಿಂಗ್ ಟ್ರೇಲ್" ಅಂತ ಬರೆದು ಸುಮ್ಮನಾಗುವವರು ತಮ್ಮ ಅವಕಾಶವನ್ನು ತಾವೇ ಸಣ್ಣದು ಮಾಡಿಕೊಳ್ಳುತ್ತಾರೆ.

ಆರ್‌ಟಿಪಿಯಲ್ಲಿ ಸಾಮಾನ್ಯವಾಗಿ ಖರ್ಚಿನ 80 ಪರ್ಸೆಂಟ್‌ವರೆಗೆ ಫೆಡರಲ್ ಹಣ. ಉಳಿದದ್ದು ನಮ್ಮ ಪಾಲು, ಅದನ್ನೇ ಮ್ಯಾಚ್ ಅನ್ನುವುದು. ಒಂದು ಲಕ್ಷ ಡಾಲರ್ ಕೆಲಸಕ್ಕೆ 20,000 ನಾವು ತೋರಿಸಬೇಕು. ರಾಜ್ಯಗಳು ಇದಕ್ಕಿಂತ ಜಾಸ್ತಿ ಮ್ಯಾಚ್ ಕೇಳಬಹುದು, ಗರಿಷ್ಠ ಮೊತ್ತವನ್ನೂ ಅವರೇ ಇಡುತ್ತಾರೆ, ಆ ವರ್ಷದ ಸೂಚನೆ ಓದಿಯೇ ಲೆಕ್ಕ ಹಾಕಿ. ಸಣ್ಣ ಗುಂಪಿನವರು ಈ 20,000 ನೋಡಿ ಹಿಂದೆ ಸರಿಯುತ್ತಾರೆ. ಅದೆಲ್ಲ ನಗದಾಗಿಯೇ ಇರಬೇಕಿಲ್ಲ. ದಾನ ಬಂದ ಜಲ್ಲಿ, ಮರದ ಹಲಗೆ, ಯಾರೋ ಬಿಟ್ಟುಕೊಟ್ಟ ಬುಲ್ಡೋಜರ್, ಸ್ವಯಂಸೇವಕರ ದುಡಿಮೆ ಎಲ್ಲಕ್ಕೂ ಬೆಲೆ ಕಟ್ಟಬಹುದು. ಇಂಡಿಪೆಂಡೆಂಟ್ ಸೆಕ್ಟರ್ ಅನ್ನುವ ಸಂಸ್ಥೆ ಪ್ರತಿ ವರ್ಷ ಸ್ವಯಂಸೇವಕರ ಒಂದು ಗಂಟೆಗೆ ಎಷ್ಟು ಬೆಲೆ ಅಂತ ಪ್ರಕಟಿಸುತ್ತದೆ. 2023ಕ್ಕೆ ಅದು 33.49 ಡಾಲರ್. ಮೂವತ್ತು ಜನ ಒಂದು ಶನಿವಾರ ನಾಲ್ಕು ಗಂಟೆ ಪೊದೆ ಕಡಿದರೆ 4,000 ಡಾಲರ್ ದಾಟುತ್ತದೆ! ಯಾವ ದರ ಒಪ್ಪುತ್ತಾರೆ ಅಂತ ರಾಜ್ಯದ ಅಧಿಕಾರಿಯನ್ನು ಮೊದಲೇ ಕೇಳಿಕೊಳ್ಳಿ.

ಈ ದುಡಿಮೆಯ ಲೆಕ್ಕದಲ್ಲಿ ಶಿಸ್ತು ಬೇಕು. ಹೆಸರು, ತಾರೀಕು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಮಾಡಿದ ಕೆಲಸ, ಸಹಿ. ನಮ್ಮ ಗುಂಪಿನಲ್ಲಿ ಇದನ್ನು ಒಬ್ಬ ನಿವೃತ್ತ ಬ್ಯಾಂಕ್ ಉದ್ಯೋಗಿ ನೋಡಿಕೊಂಡರು. ಸಹಿ ಹಾಕದೆ ಯಾರನ್ನೂ ಕಾಫಿ ಮೇಜಿನ ಹತ್ತಿರ ಬಿಡುತ್ತಿರಲಿಲ್ಲ. ಇನ್ನೊಂದು ವಿಷಯ, ಗ್ರಾಂಟ್ ಒಪ್ಪಂದಕ್ಕೆ ಸಹಿ ಆಗುವ ಮೊದಲು ಮಾಡಿದ ಕೆಲಸ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಉತ್ಸಾಹದಲ್ಲಿ ಮೊದಲೇ ಎಲ್ಲ ಕಡಿದು ಮುಗಿಸಿದರೆ ಅಷ್ಟು ಮ್ಯಾಚ್ ಹೋದಂತೆ. ಕನ್ನಡ ಕೂಟದವರು ಬೇಗ ಬರುತ್ತೇವೆ ಅಂದಾಗಲೂ ನಾವು ತಡೆದು, ಒಪ್ಪಂದ ಆದ ಮೇಲೆಯೇ ಕರೆದೆವು. ಬಿಸಿಬೇಳೆಬಾತ್ ಡಬ್ಬಿ ಸಮೇತ ಬಂದರು.

ಇನ್ನು ಅತಿ ಮುಖ್ಯವಾದ ಮಾತು. ಆರ್‌ಟಿಪಿ ಮೊದಲೇ ಚೆಕ್ ಕೊಡುವ ಗ್ರಾಂಟ್ ಅಲ್ಲ. ಕೆಲಸ ಮಾಡಿಸಬೇಕು, ಕಂಟ್ರಾಕ್ಟರ್‌ಗೆ ದುಡ್ಡು ಕೊಡಬೇಕು, ಬಿಲ್ಲು ಮತ್ತು ಕೊಟ್ಟಿದ್ದಕ್ಕೆ ಪುರಾವೆ ಕಳಿಸಬೇಕು, ಆಮೇಲೆ ವಾಪಸ್ ಬರುತ್ತದೆ. ಖಾತೆಯಲ್ಲಿ ಕೆಲವು ಸಾವಿರ ಮಾತ್ರ ಇರುವ ನಮ್ಮಂಥ ಗುಂಪು ಎಂಬತ್ತು ಸಾವಿರ ಎಲ್ಲಿಂದ ತರಬೇಕು? ಹಾಗಾಗಿ ಅರ್ಜಿದಾರರಾಗಿ ನಿಂತದ್ದು ಊರಿನ ಪಾರ್ಕ್ಸ್ ಡಿಪಾರ್ಟ್‌ಮೆಂಟ್. ನಾವು ಪಾಲುದಾರರು. ಖರ್ಚು ಅವರ ಖಜಾನೆಯಿಂದ ಹೋಯಿತು, ವಾಪಸ್ಸೂ ಅವರಿಗೇ ಬಂತು. ಫೆಡರಲ್ ಹಣಕ್ಕೆ ಬೇಕಾದ ಯುಇಐ ನಂಬರ್, ಅಂದರೆ ಸಂಸ್ಥೆಯ ಗುರುತಿನ ಸಂಖ್ಯೆ, ಅವರ ಹತ್ತಿರ ಇತ್ತು, ಆಡಿಟ್ ವ್ಯವಸ್ಥೆ ಇತ್ತು, ವಿಮೆ ಇತ್ತು. ಇದಕ್ಕಾಗಿ ಟೌನ್ ಕೌನ್ಸಿಲ್ ಠರಾವು ಮಾಡಬೇಕು. ಠರಾವಿಗೆ ಮುಂಚೆ ಒಬ್ಬೊಬ್ಬ ಕೌನ್ಸಿಲ್ ಸದಸ್ಯರನ್ನೂ ಹಳ್ಳದ ಹತ್ತಿರ ಕರೆದುಕೊಂಡು ಹೋಗಿ ನಡೆಸಿದೆವು. ಕಾಗದದ ಮೇಲೆ ನೋಡಿ "ನೋಡೋಣ" ಅಂದವರು ಶಾಲೆ ಎಷ್ಟು ಹತ್ತಿರ ಅಂತ ಕಣ್ಣಾರೆ ಕಂಡಾಗ ಬೇರೆ ರೀತಿ ಮಾತಾಡಿದರು.

ಪರಿಸರದ ಪರಿಶೀಲನೆಗೆ ಸಮಯ ಇಟ್ಟುಕೊಳ್ಳಿ. ಫೆಡರಲ್ ಹಣ ಬಂದರೆ ಹಳೆಯ ಸ್ಮಾರಕ ಏನಾದರೂ ಇದೆಯಾ, ಅಳಿವಿನ ಅಂಚಿನ ಪ್ರಾಣಿ ಗಿಡ ಇದೆಯಾ, ಜೌಗು ಇದೆಯಾ ಎಲ್ಲ ನೋಡುತ್ತಾರೆ. ಬಾವಲಿ ಇರುವ ಕಡೆ ಬೇಸಿಗೆಯಲ್ಲಿ ಮರ ಕಡಿಯಬಾರದು ಅನ್ನುವ ಷರತ್ತು ಬರಬಹುದು. ಹಳ್ಳದ ಪಕ್ಕ ಆದ್ದರಿಂದ ಪ್ರವಾಹದ ಮಟ್ಟ ಏರುವುದಿಲ್ಲ ಅಂತ ಎಂಜಿನಿಯರ್ ಬರೆದುಕೊಡಬೇಕು. ಜೌಗಿನ ಮೇಲೆ ಹಲಗೆ ದಾರಿ ಹಾಕುವುದು ಜಲ್ಲಿ ದಾರಿಗಿಂತ ಎಷ್ಟೋ ಪಟ್ಟು ದುಬಾರಿ. ಹಾಗಾಗಿ ಎಲ್ಲಿ ಸಾಧ್ಯವೋ ಅಲ್ಲಿ ದಾರಿಯನ್ನು ಎತ್ತರದ ಕಡೆ ತಿರುಗಿಸುವುದೇ ಒಳ್ಳೆಯದು.

ಬೇರೆ ಮೂಲಗಳ ಬಗ್ಗೆ ಬೇಗ ಹೇಳುತ್ತೇನೆ. 1964ರ ಕಾನೂನಿನಿಂದ ಬಂದ ಲ್ಯಾಂಡ್ ಅಂಡ್ ವಾಟರ್ ಕನ್ಸರ್ವೇಶನ್ ಫಂಡ್ ಇದೆ. ಸಮುದ್ರದಲ್ಲಿ ತೆಗೆಯುವ ತೈಲ ಮತ್ತು ಅನಿಲದ ರಾಯಲ್ಟಿ ಇದರ ಮೂಲ. 2020ರಲ್ಲಿ ವರ್ಷಕ್ಕೆ 90 ಕೋಟಿ ಡಾಲರ್ ಅಂತ ಕಾಯಂ ಆಯಿತು, ಅದರಲ್ಲಿ ಒಂದು ಪಾಲು ರಾಜ್ಯಗಳ ಮೂಲಕ ಊರುಗಳಿಗೆ ಬರುತ್ತದೆ. ಮ್ಯಾಚ್ ಅರ್ಧಕ್ಕೆ ಅರ್ಧ. ಆದರೆ ಈ ಹಣ ಬಿದ್ದ ಜಾಗ ಎಂದೆಂದಿಗೂ ಜನರ ಹೊರಾಂಗಣ ಬಳಕೆಗೇ ಇರಬೇಕು. ಮುಂದೆ ಬೇರೆಯದಕ್ಕೆ ಬೇಕಾದರೆ ಅಷ್ಟೇ ಬೆಲೆಯ ಬೇರೆ ಜಾಗ ಕೊಡಬೇಕು, ಅದಕ್ಕೂ ಅನುಮತಿ ಬೇಕು. ನನಗೆ ಈ ಷರತ್ತು ತುಂಬಾ ಇಷ್ಟ, ಆದರೆ ಊರಿನ ವಕೀಲರಿಗೆ ಮೊದಲೇ ತಿಳಿಸಿ. ನಮ್ಮ ರಾಜ್ಯದಲ್ಲಿ 1994ರಿಂದ ಪಾರ್ಕ್ಸ್ ಅಂಡ್ ರಿಕ್ರಿಯೇಶನ್ ಟ್ರಸ್ಟ್ ಫಂಡ್ ಇದೆ, ಊರಾಡಳಿತಗಳಿಗೆ ಡಾಲರ್‌ಗೆ ಡಾಲರ್ ಮ್ಯಾಚ್ ಮೇಲೆ ಕೊಡುತ್ತಾರೆ. ಡಾಂಬರು ಹಾಕಿದ, ಶಾಲೆಗೋ ಬಸ್ ಸ್ಟಾಪಿಗೋ ಜೋಡಿಸುವ ದೊಡ್ಡ ತುಂಡಿದ್ದರೆ ಟ್ರಾನ್ಸ್‌ಪೋರ್ಟೇಶನ್ ಆಲ್ಟರ್ನೇಟಿವ್ಸ್ ಹಣ ನೋಡಿ, ಅದು ಸಾರಿಗೆ ಇಲಾಖೆ ಅಥವಾ ನಿಮ್ಮ ಭಾಗದ ಸಾರಿಗೆ ಯೋಜನಾ ಸಂಸ್ಥೆಯ ಮೂಲಕ ಬರುತ್ತದೆ. ಒಂದು ಗ್ರಾಂಟಿನ ಹಣವನ್ನು ಇನ್ನೊಂದಕ್ಕೆ ಮ್ಯಾಚ್ ಆಗಿ ತೋರಿಸಬಹುದಾ ಅಂತ ಬರಹದಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಖಾಸಗಿ ಕಡೆ ಪೀಪಲ್‌ಫಾರ್‌ಬೈಕ್ಸ್, ಅಮೆರಿಕನ್ ಹೈಕಿಂಗ್ ಸೊಸೈಟಿ, ಎಎಆರ್‌ಪಿ ಇಂಥವರು ಸಣ್ಣ ಮೊತ್ತ ಕೊಡುತ್ತಾರೆ. ಎಎಆರ್‌ಪಿ ಹಿರಿಯರ ಸಂಸ್ಥೆ, ಬೇಗ ಮುಗಿಯುವ ಕೆಲಸ ಬೇಕು ಅವರಿಗೆ, ಬೆಂಚು ನೆರಳು ಇಂಥದ್ದು. ನಮಗೆ ಎಲ್ಲಕ್ಕಿಂತ ಮೊದಲು ಸಿಕ್ಕಿದ್ದು ಒಂದು ಸ್ಥಳೀಯ ಸಂಸ್ಥೆಯ ಸಣ್ಣ ಹಣ, ಬೋರ್ಡು ಮತ್ತು ನಕ್ಷೆಗೆ ಅಷ್ಟೇ. ಆದರೆ ಅದನ್ನು ಹೇಳಿದ ಹೊತ್ತಿಗೆ, ಹೇಳಿದ ಹಾಗೆ ಮುಗಿಸಿ ಫೋಟೋ ಸಮೇತ ವರದಿ ಕೊಟ್ಟೆವು. ಮುಂದಿನ ಪ್ರತಿ ಅರ್ಜಿಯಲ್ಲೂ ಆ ವರದಿ ಲಗತ್ತಾಯಿತು.

ಬೆಂಬಲ ಪತ್ರಗಳನ್ನು ಒಂದೇ ಮಾದರಿಯಲ್ಲಿ ಬರೆಸಬೇಡಿ. ಶಾಲೆಯ ಪ್ರಿನ್ಸಿಪಾಲರು ಮಕ್ಕಳ ಬಗ್ಗೆ ಬರೆಯಲಿ, ವೈದ್ಯರು ಆರೋಗ್ಯದ ಬಗ್ಗೆ, ಅಂಗಡಿಯವರು ವ್ಯಾಪಾರದ ಬಗ್ಗೆ. ನಮ್ಮ ಹಿರಿಯರಲ್ಲಿ ಇಬ್ಬರು ಕನ್ನಡದಲ್ಲೇ ಕೈಯಾರೆ ಬರೆದರು. ನನ್ನ ಮಗಳು ಅದನ್ನು ಇಂಗ್ಲಿಷ್ ಮಾಡಿ ಕೆಳಗೆ ಸೇರಿಸಿದಳು, ಮೂಲವನ್ನೂ ಹಾಗೇ ಲಗತ್ತಿಸಿದೆವು.

ಕರ್ನಾಟಕದಲ್ಲಿ ಕೆರೆ ಸುತ್ತ ದಾರಿ ಮಾಡಬೇಕು ಅಂತಿರುವ ಗೆಳೆಯರು ಇದೇ ಪ್ರಶ್ನೆ ಕೇಳುತ್ತಿರುತ್ತಾರೆ. ಅಲ್ಲಿ ಆರ್‌ಟಿಪಿ ಥರದ್ದು ಇಲ್ಲ, ಹತ್ತಿರದ ದಾರಿ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ 2 ಪರ್ಸೆಂಟ್ ಖರ್ಚು ಮಾಡಬೇಕು. ತೆಗೆದುಕೊಳ್ಳುವ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಅಲ್ಲೂ ಮೊದಲು ಕೇಳುವುದು ಕೆರೆ ಯಾರ ಸುಪರ್ದಿಯಲ್ಲಿದೆ, ಅನುಮತಿ ಪತ್ರ ಎಲ್ಲಿ ಅಂತಲೇ.

ನಮ್ಮ ಹಳ್ಳದ ದಾರಿಯಲ್ಲಿ ಶಾಲೆಯ ಕಡೆಯ ಭಾಗ ಮುಗಿದಿದೆ, ಆಚೆ ದಂಡೆಯ ಸೇತುವೆ ಬಾಕಿ. ಆರ್‌ಟಿಪಿಯಲ್ಲಿ ನಿರ್ವಹಣೆಗೂ ಕೆಲಸದ ಯಂತ್ರಕ್ಕೂ ಕೇಳಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಹಾಗಾಗಿ ಮುಂದಿನ ಸುತ್ತಿನಲ್ಲಿ ಸೇತುವೆಗೆ ಒಂದು ಅರ್ಜಿ, ಮಳೆಗೆ ಕೊಚ್ಚಿಹೋಗುವ ತಿರುವಿನ ದುರಸ್ತಿಗೆ ಇನ್ನೊಂದು ಅಂತ ಪಾರ್ಕ್ಸ್‌ನವರ ಜೊತೆ ಕೂತು ಅಂದಾಜು ಪಟ್ಟಿ ಮಾಡುತ್ತಿದ್ದೇವೆ.