ಬಿಳಿ ಮೀನಿಗೆ ರಾಗಿ ಉಂಡೆ: ನನ್ನ ಅನುಭವ

ಕಾವೇರಿಯ ಮಹಶೀರ್‌ಗೆ, ಅಂದರೆ ನಮ್ಮ ಬಿಳಿ ಮೀನಿಗೆ, ನಾನು ಗಾಳಕ್ಕೆ ಕಟ್ಟುವುದು ರಾಗಿ ಉಂಡೆಯನ್ನೇ. ಊಟದ ಮುದ್ದೆ ಇದಕ್ಕೆ ನಡೆಯುವುದಿಲ್ಲ. ನೀರಿಗೆ ಬಿದ್ದರೆ ಅದು ಬಿಚ್ಚಿಕೊಳ್ಳುತ್ತದೆ, ಮರಿಮೀನುಗಳು ಕುಟುಕಿ ಗಾಳವನ್ನು ಬರಿದು ಮಾಡುತ್ತವೆ.

ಅರ್ಧ ಕೆ.ಜಿ. ಹಿಟ್ಟಿಗೆ ನೀರು ಚಿಮುಕಿಸಿ, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸುತ್ತೇನೆ. ಕಿತ್ತಳೆ ಗಾತ್ರದ ಉಂಡೆ ಕಟ್ಟಿ, ಕುದಿಯುವ ನೀರಲ್ಲಿ ಅರ್ಧ ಗಂಟೆ ಬೇಯಿಸುತ್ತೇನೆ. ಒಂದನ್ನು ಮುರಿದು ನೋಡಿ: ನಡುವೆ ಒಣ ಹಿಟ್ಟು ಕಂಡರೆ ಇನ್ನೂ ಬೇಯಬೇಕು. ತೆಗೆದ ಮೇಲೆ ಬಿಸಿ ಇರುವಾಗಲೇ ಒದ್ದೆ ಬಟ್ಟೆಯಲ್ಲಿ ಸುತ್ತಿ ನಾದಬೇಕು. ಆರಿದರೆ ಬಿರುಕು ಬಿಡುತ್ತದೆ, ಎಸೆದಾಗ ಗಾಳಿಯಲ್ಲೇ ಉದುರುತ್ತದೆ. ಬೆರಳಲ್ಲಿ ಒತ್ತಿದರೆ ರಬ್ಬರಿನಂತೆ ತಿರುಗಿ ಏಳಬೇಕು. ಮಸಾಲೆ, ಬೆಲ್ಲ ಹಾಕುವವರಿದ್ದಾರೆ; ನನಗೇನೂ ವ್ಯತ್ಯಾಸ ಕಂಡಿಲ್ಲ.

ಗಾಳ ದಪ್ಪ ತಂತಿಯದೇ ಆಗಲಿ, 6/0 ಅಳತೆಯದು ಸಾಕು. ಈ ಮೀನಿನ ದವಡೆಯಲ್ಲಿ ಹಲ್ಲಿಲ್ಲ, ಇರುವುದು ಗಂಟಲಲ್ಲಿ. ಏಡಿ, ಬಸವನಹುಳುವಿನ ಚಿಪ್ಪು ಪುಡಿ ಮಾಡುವ ಆ ಹಲ್ಲಿಗೆ ತೆಳು ಗಾಳ ಸಿಕ್ಕರೆ ಚಪ್ಪಟೆ. ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿರುವ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಒತ್ತಿಬಿಡಿ. ಭಾರಕ್ಕೆ ಗುಂಡು ಬೇಡ, ಸೀಸದ ತಂತಿಯನ್ನು ದಾರಕ್ಕೆ ಸುರುಳಿ ಸುತ್ತಿ. ಬಂಡೆಗೆ ಸಿಕ್ಕಿಕೊಂಡರೆ ಜಗ್ಗಿದಾಗ ಸುರುಳಿ ಬಿಚ್ಚಿ ಹೋಗುತ್ತದೆ, ದಾರ ಉಳಿಯುತ್ತದೆ. ಕಾವೇರಿಯ ತಳವೆಲ್ಲ ಬಂಡೆಯೇ.

ಇಷ್ಟೆಲ್ಲ ಅನುಮತಿ ಇರುವ ಕಡೆ ಮಾತ್ರ, ಅದೂ ಹಿಡಿದು ಬಿಡುವುದಕ್ಕೆ. ಡುಬ್ಬವಿರುವ, ಕಿತ್ತಳೆ ರೆಕ್ಕೆಯ ಕಾವೇರಿಯ ಮೂಲ ಜಾತಿ, ವೈಜ್ಞಾನಿಕ ಹೆಸರಲ್ಲಿ ಟಾರ್ ರೆಮಾದೇವಿ ಎಂದು ಗುರುತಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಈಗ ಹೆಚ್ಚಾಗಿ ಸಿಗುವ ನೀಲಿ ರೆಕ್ಕೆಯದು ಹೊರಗಿನಿಂದ ತಂದು ಬಿಟ್ಟ ತಳಿ.

ಬಹಳ ಜನ ತಪ್ಪುವುದು ಬಿಡುವಾಗ. ಬಾಯಿ ಹಿಡಿದು ನೇತುಹಾಕಿದರೆ ಒಳಗಿನ ಅಂಗಾಂಗಕ್ಕೆ ಪೆಟ್ಟು. ಒಣ ಕೈ ತಾಗಿದರೆ ಮೈಯ ಲೋಳೆ ಕಿತ್ತು ಬೂಷ್ಟು ಹತ್ತುತ್ತದೆ. ನಾನು ಸೊಂಟದ ನೀರಲ್ಲಿ ನಿಂತು, ಹೊಟ್ಟೆಯಡಿ ಒಂದು ಕೈ, ಬಾಲದ ಬುಡಕ್ಕೊಂದು ಕೈ ಕೊಟ್ಟು, ಮೂತಿಯನ್ನು ಹರಿವಿಗೆ ಎದುರಾಗಿಸಿ ಹಿಡಿಯುತ್ತೇನೆ. ಹಿಂದೆಮುಂದೆ ಆಡಿಸಬೇಡಿ, ಹಿಂದಕ್ಕೆ ಎಳೆದಾಗ ಕಿವಿರಿಗೆ ನೀರು ಉಲ್ಟಾ ನುಗ್ಗುತ್ತದೆ. ಫೋಟೋಗೆ ಎತ್ತಿದರೆ ಐದು ಎಣಿಸುವಷ್ಟರಲ್ಲಿ ಮತ್ತೆ ನೀರಿಗೆ. ದೊಡ್ಡ ಮೀನಿಗೆ ಹತ್ತು ನಿಮಿಷವೂ ಬೇಕಾಗಬಹುದು. ಬೆರಳು ಸಡಿಲಿಸಿದಾಗ ಪಕ್ಕಕ್ಕೆ ವಾಲಿದರೆ ಇನ್ನೂ ಆಗಿಲ್ಲ, ಮತ್ತೆ ಹಿಡಿಯಿರಿ. ಬಾಲದಿಂದ ಕೈಗೆ ಜೋರಾಗಿ ಹೊಡೆದಾಗ ಬಿಡಿ.